ಸೀಸೆಯೊಳಗಿನ ಮಾಂತ್ರಿಕ

ನಮ್ಮ ಭಾವನವರಿಗೆ ಸೇನಾಪತಿ ಎಂದು ಅಡ್ಡಹೆಸರು. “ಸೇನೆಗೆ ಮಾತ್ರ ಪತಿ, ನನಗಲ್ಲ” ಎಂದು ಅಕ್ಕ ತಿದ್ದುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವರ ಕೆಲಸ. ರಜೆ ಬಂತೆಂದರೆ ಅಡುಗೆಮನೆ ಪಕ್ಕದ ಕಿರುಕೋಣೆಯಲ್ಲಿ ದಂಡು ಕಟ್ಟುತ್ತಾರೆ. ದಂಡೆಂದರೆ ಹೆಬ್ಬೆರಳುದ್ದದ ಕುಳ್ಳರು, ರಕ್ಕಸರು, ರೆಕ್ಕೆ ಬಂದ ಹಾವುಗಳು. ಕಟ್ಟುಕತೆಯ ಯುದ್ಧಗಳನ್ನು ಮೇಜಿನ ಮೇಲೆ ಆಡುವವರಿಗಾಗಿ ಯಾವುದೋ ಕಾಲದಲ್ಲಿ ಸೀಸದಿಂದ ಎರಕ ಹೊಯ್ದ ಬೊಂಬೆಗಳು. ಜನ ಅಟ್ಟದಿಂದ ಇಳಿಸಿ ತಂದುಕೊಟ್ಟ ಇಂಥವನ್ನು ಭಾವ ಥಿನ್ನರ್ ತುಂಬಿದ ಸೀಸೆಯಲ್ಲಿ ಮುಳುಗಿಸುತ್ತಾರೆ. ಸೀಸಕ್ಕೆ ಸೀಸೆಯೇ ಸರಿ. ಥಿನ್ನರ್ ಹಳೆ ಬಣ್ಣವನ್ನು ತಿನ್ನುತ್ತದೆ, ಹಲ್ಲುಜ್ಜುವ ಬ್ರಷ್ಷು ಉಳಿದದ್ದನ್ನು ತಿಕ್ಕುತ್ತದೆ, ಆಮೇಲೆ ಹೊಸ ಬಣ್ಣ.

ರಕ್ಕಸರ ಒಡೆಯರಾದರೂ ಭಾವ ಜಿರಲೆ ಕಂಡರೆ ಕುರ್ಚಿ ಏರುವ ಪೈಕಿ. ಕರೆಗಂಟೆ ಬಾರಿಸಿದರೂ ಮೊದಲು ಎದೆ ಹಿಡಿದುಕೊಳ್ಳುತ್ತಾರೆ.

ಅಂಥವರ ಕೈಗೆ ನಿವೃತ್ತ ಹೆಡ್‌ಮಿಸ್ಸೊಬ್ಬರು ತಮ್ಮ ಗಂಡ ಬಣ್ಣ ಬಳಿದಿದ್ದ ಮಾಂತ್ರಿಕನನ್ನು ಕೊಟ್ಟರು. ನೀಲಿ ನಿಲುವಂಗಿ, ಬಿಳಿ ಗಡ್ಡ. ಮುಖವೆಂಬುದು ಕಣ್ಣಿಲ್ಲದ ಬರೀ ಗೋಧಿಬಣ್ಣದ ಉಂಡೆ. “ಬಿಡಿಸಿ ಕೊಡಿ” ಎಂದಷ್ಟೇ ಹೇಳಿ ಹೋದರು. ಭಾವ ತಲೆಯಾಡಿಸಿ, ಮರುದಿನ ಬೆಳಗ್ಗೆ ಮಾಂತ್ರಿಕನನ್ನು ಸೀಸೆಗಿಳಿಸಿದರು.

ಮಧ್ಯಾಹ್ನ ಮೇಡಂ ಫೋನು ಬಂತು. ನಾನು ಎದುರಿಗೇ ಕೂತಿದ್ದೆ.

“ಕಣ್ಣು, ಹುಬ್ಬು ಇಷ್ಟು ಬಿಡಿಸಿದ್ರೆ ಸಾಕು. ಅವರು ಹಚ್ಚಿರೋ ಬಣ್ಣ ಮಾತ್ರ ಮುಟ್ಟಬೇಡಿ. ಅವರು ಹೋದ ಮೇಲೆ ಅವರ ಕೈಕೆಲಸ ಅಂತ ಮನೇಲಿ ಉಳಿದಿರೋದು ಅದೊಂದೇ. ಸಂಜೆ ಬರ್ತೀನಿ.”

ಚಿತ್ರ ಬಿಡಿಸುವುದೂ ಬಿಡಿಸುವುದೇ, ಸಿಪ್ಪೆ ಬಿಡಿಸುವುದೂ ಬಿಡಿಸುವುದೇ. ಮೇಡಂ ಮೊದಲನೆಯದನ್ನು ಹೇಳಿದ್ದರು, ಭಾವ ಎರಡನೆಯದನ್ನು ಮಾಡಿದ್ದರು. ಅವರ ಮುಖದಲ್ಲಿ ರಕ್ತ ಇಳಿದುದನ್ನು ಕಂಡೆ. ಚಿಮಟ ಹಾಕಿ ಮೇಲೆತ್ತಿದರೆ ಮಾಂತ್ರಿಕನ ಗಡ್ಡ ಸೀಸೆಯ ತಳದಲ್ಲೇ ಉಳಿಯಿತು. ನಿಲುವಂಗಿ ಮುದುಡಿ, ಸುಕ್ಕುಗಟ್ಟಿ, ನೋಡನೋಡುತ್ತಿದ್ದಂತೆ ಜಾರಿತು.

“ಸತ್ತೆ ಕಣೋ.”

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಅದೇ ನೀಲಿ ಮತ್ತೆ ಬಳೀರಿ. ಆ ಯಮ್ಮಂಗೆ ಏನು ಗೊತ್ತಾಗತ್ತೆ?”

“ಗೊತ್ತಾಗದೇ ಇದ್ರೆ ಅದಿನ್ನೂ ಭಯ ಕಣೇ. ದಿನಾ ನನ್ನ ಬಣ್ಣ ನೋಡ್ಕೊಂಡು ಗಂಡನ್ನ ನೆನೀತಾ ಕೂರ್ತಾರೆ.”

ಆದರೂ ಭಯವೇ ಅವರಿಂದ ನೀಲಿ ಕಲಸಿಸಿತು. ಬಣ್ಣ ಹೊಂದಿತು, ಕೈ ಹೊಂದಲಿಲ್ಲ. ಕುಂಚದ ತುದಿ ಬೊಂಬೆಗೆ ತಾಗದೆ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಅಷ್ಟರಲ್ಲಿ ಕರೆಗಂಟೆ.

ಭಾವ ಕಿಟಕಿಯ ಕಡೆ ನೋಡಿದರು. ಸರಳುಗಳಿದ್ದವು. ಅಕ್ಕ ಬಾಗಿಲು ತೆರೆದಳು.

“ಆಯ್ತಾ?” ಎಂದರು ಮೇಡಂ.

“ಆಗಿಹೋಯ್ತು ಮೇಡಂ.” ಭಾವ ಬೊಂಬೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. “ನೀವು ಬಿಡಿಸಿ ಅಂದ್ರಿ. ನಾನು... ಬಣ್ಣಾನೇ ಬಿಡಿಸಿಬಿಟ್ಟೆ.”

ಅಂಗೈ ಚಾಚಿದರು. ಬೂದು ಸೀಸದ ಬೋಳು ಮುದುಕ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾವನ ಭೂತಗನ್ನಡಿಯನ್ನು ಎತ್ತಿಕೊಂಡು, ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಬೆನ್ನ ಮೇಲೆ ಏನಿದು?”

ನಿಲುವಂಗಿಯ ಒಂದು ಆಳವಾದ ಮಡಿಕೆಯಲ್ಲಿ ನೀಲಿ ಉಳಿದಿತ್ತು. ಅದರೊಳಗೆ ಹೂತಿದ್ದ ಒಂದು ಎಳೆ.

“ಕುಂಚದ ಕೂದಲು ಮೇಡಂ. ಯಜಮಾನರು... ಅಗ್ಗದ ಕುಂಚ ಇಟ್ಕೊಂಡಿದ್ರು.”

“ಎಲ್ಲಾದ್ರಲ್ಲೂ ಅಷ್ಟೇ, ಜುಗ್ಗ” ಎಂದರು ಮೇಡಂ. ದನಿ ಒದ್ದೆಯಾಗಿತ್ತು. ಸೆರಗಿನಲ್ಲಿ ಮೂಗೊರೆಸಿಕೊಂಡು ಕುರ್ಚಿ ಎಳೆದು ಕೂತರು. “ಇದೊಂದನ್ನ ಮುಟ್ಟಬೇಡಿ. ಮುಖ ಈಗ ನನ್ನೆದುರಿಗೇ ಆಗಲಿ.”

“ಈಗಲೇನಾ? ಕೈ ನಡುಗ್ತಿದೆ ಮೇಡಂ.”

“ಅವರಿಗೂ ಕೊನೇಲಿ ನಡುಗೋದು. ಅದಕ್ಕೇ ಕಣ್ಣು ಹಾಗೇ ಉಳೀತು.”

ಭಾವ ಮೊಣಕೈಗಳನ್ನು ಮೇಜಿಗೆ ಊರಿ, ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಒತ್ತಿಹಿಡಿದರು. ಮುಖಕ್ಕೆ ಗೋಧಿಬಣ್ಣ ಬಳಿದು ಒಣಗಲು ಬಿಟ್ಟರು. ಒಣಗಿದ ಮೇಲೆ ಸಣ್ಣ ಕುಂಚವನ್ನು ಕಪ್ಪು ಬಣ್ಣಕ್ಕೆ ಅದ್ದಿದರು.

“ಕಣ್ಣು ಯಾವ ಕಡೆ ನೋಡ್ಬೇಕು ಮೇಡಂ?”

“ಸ್ವಲ್ಪ ಪಕ್ಕಕ್ಕೆ. ಅವರು ನನ್ನನ್ನ ನೆಟ್ಟಗೆ ನೋಡಿದೋರೇ ಅಲ್ಲ.”

ಮೊದಲ ಕಣ್ಣು ಸರಿಯಾಗಿ ಕೂತಿತು. ಮೇಡಂ ಉಸಿರು ಎಳೆದುಕೊಂಡರು. ಆದರೆ ಭಾವನ ಹಣೆಯಲ್ಲಿ ಬೆವರು ಸಾಲುಗಟ್ಟಿತು: ಒಂದು ಕಣ್ಣನ್ನು ಹೇಗೆ ಇಟ್ಟರೂ ನಡೆಯುತ್ತದೆ, ಎರಡನೆಯದು ಮಾತ್ರ ಮೊದಲನೆಯದು ನೋಡಿದ ಕಡೆಯೇ ನೋಡಬೇಕು.

ಅವರು ಕುಂಚವನ್ನು ಮತ್ತೆ ಕಪ್ಪು ಬಣ್ಣಕ್ಕೆ ಅದ್ದಿದರು.