ಎದುರುಮನೆ ವೈನಿಯ ಸಮುದ್ರ

ಮೊನ್ನೆ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದ ಟೀಚರೊಬ್ಬಳು ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನ ಮುಚ್ಚಳ ತೆಗೆದಳು. ಮನೆಮನೆ ಸಮೀಕ್ಷೆಗೆ ಹೊರಟಿದ್ದಳು ಪಾಪ, ನಮ್ಮ ಶಹಾಪುರದ ಬಿಸಿಲು ಅವಳಿಗೆ ಹೊಸದು. ಕೊಬ್ಬರಿ ಎಣ್ಣೆಯಂತಿದ್ದರೂ ಪೂರ್ತಿ ಕೊಬ್ಬರಿ ಎಣ್ಣೆ ಅನ್ನಲಾಗದ ಒಂದು ವಾಸನೆ ಕೋಣೆ ತುಂಬಿತು. ಉತ್ತರ ಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕುಳಿತಿದ್ದ ನನಗೆ ಇದ್ದಕ್ಕಿದ್ದಂತೆ ಹೊಟ್ಟೆಕಿಚ್ಚು ಶುರುವಾಯಿತು. ಹಳೆಯದು, ನನಗೆ ಚೆನ್ನಾಗಿ ಪರಿಚಯವಿದ್ದದ್ದು... ಆ ಹುಡುಗಿಗೂ ಅದಕ್ಕೂ ಸಂಬಂಧವಿಲ್ಲ. ಅದು ನಮ್ಮ ಎದುರುಮನೆ ವೈನಿಯ ಮೇಲಿನದು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿಯೇನಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಗಂಡನದು ಹಿಟ್ಟಿನ ಗಿರಣಿ. ವೈನಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಅವರ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಒಂದು ಆಟೊ ಹೋಗುವಷ್ಟು ಜಾಗ. ಸಂಜೆ ಶಾಲೆಯಿಂದ ಬಂದು ನಾನು ಬ್ಯಾಗು ಇಡುತ್ತಿದ್ದದ್ದು ನಮ್ಮ ಮನೆಯಲ್ಲಿ, ಚಹಾ ಕುಡಿಯುತ್ತಿದ್ದದ್ದು ಅವರ ಮನೆಯಲ್ಲಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ, ಟೀಚರೆಂದು ನನ್ನನ್ನು ‘ಅಕ್ಕೋರೆ’ ಎಂದೇ ಕರೆಯುತ್ತಿದ್ದರು. ಒಂದು ದಿನ ನಾನು ಹೋಗದಿದ್ದರೆ ಒಲೆ ಮುಂದಿನಿಂದಲೇ ಕೂಗು: ‘ಅಕ್ಕೋರೆ, ಚಹಾ ಆರಾಕತ್ತದ!’

ನಾನು ಸಮಾಜ ವಿಜ್ಞಾನದ ಟೀಚರು. ಎಷ್ಟೋ ವರ್ಷಗಳಿಂದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸಮುದ್ರ ಬರೆದಿದ್ದೇನೆ, ಅದರೊಳಗೆ ಚುಕ್ಕಿ ಚುಕ್ಕಿಯಾಗಿ ದ್ವೀಪಗಳನ್ನು ಇಟ್ಟಿದ್ದೇನೆ. ಖರೇ ಸಮುದ್ರವನ್ನು ಒಮ್ಮೆಯೂ ನೋಡಿಲ್ಲ. ನೋಡಬೇಕೆಂಬ ಆಸೆ ಮಾತ್ರ ಚಿಕ್ಕಂದಿನಿಂದ ಇತ್ತು. ಅದನ್ನು ಯಾರ ಮುಂದಾದರೂ ಹೇಳಿದ್ದರೆ ಅದು ವೈನಿಯ ಮುಂದೆ ಮಾತ್ರ.

ವೈನಿಯ ತವರು ಸುರಪುರ. ಅವರಿಗೆ ಒಬ್ಬನೇ ತಮ್ಮ. ಚಿಕ್ಕವನಿದ್ದಾಗಲೇ ಗೋವಾದ ಹೋಟೆಲೊಂದನ್ನು ಸೇರಿ, ಆಮೇಲೆ ದೊಡ್ಡ ಪ್ರವಾಸಿ ಹಡಗಿನಲ್ಲಿ ಅಡುಗೆಯವನಾಗಿದ್ದ. ಅಪ್ಪ ಅವ್ವ ತೀರಿಹೋಗಿದ್ದರು, ಅವನಿಗಿನ್ನೂ ಮದುವೆಯಾಗಿರಲಿಲ್ಲ. ಕೆಲಸದವರ ಮನೆಮಂದಿಯಲ್ಲಿ ಇಬ್ಬರಿಗೆ ಹಡಗಿನಲ್ಲಿ ತಿರುಗಾಡುವ ಸವಲತ್ತು ಇದೆಯಂತೆ. ‘ಅಕ್ಕಾ, ನೀ ಬಾ’ ಎಂದು ಫೋನ್ ಮಾಡಿದ. ಯಾವ ಊರಿಗೆ ಎಂದು ವೈನಿಗೆ ತಿಳಿಯಲಿಲ್ಲ, ಫೋನನ್ನು ನನ್ನ ಕೈಗೆ ಕೊಟ್ಟರು. ಕೆರಿಬಿಯನ್ ಸಮುದ್ರ ಎಂದ ಅವನು. ಜಮೈಕಾ, ಕೇಮನ್... ಆ ಹೆಸರುಗಳನ್ನು ನಾನು ಮಕ್ಕಳ ಕೈಯಲ್ಲಿ ಬಾಯಿಪಾಠ ಮಾಡಿಸಿದ್ದೆ.

ವೈನಿಯ ಗಂಡ ಒಂದೇ ಮಾತಿಗೆ ಕೈ ಝಾಡಿಸಿದರು. ‘ನೀರಿನ ಮ್ಯಾಲ ಮಲಗೂದಾ? ನಾ ಒಲ್ಲೆ ತಾಯಿ, ನೀ ಹೋಗಿ ಬಾ.’ ಆಗ ವೈನಿ ನನ್ನ ಕಡೆ ತಿರುಗಿ, ‘ಹಂಗಾರ ಅಕ್ಕೋರೆ, ನೀವು ಬರ್ರಿ’ ಅಂದರು. ನಾನು ಒಂದು ಸಲವೂ ‘ಅಯ್ಯೋ ಬ್ಯಾಡ್ರಿ’ ಅನ್ನಲಿಲ್ಲ. ನಮ್ಮ ಮನೆಯವರನ್ನು ಅಂದೇ ಒಪ್ಪಿಸಿದೆ. ಆ ವಾರವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಕ್ಕಳಿಗೆ ಬೈಯುವುದನ್ನೂ ಬಿಟ್ಟಿದ್ದೆ. ಆಮೇಲೆ ತಮ್ಮ ಮತ್ತೆ ಫೋನ್ ಮಾಡಿ, ಎರಡನೆಯವರೂ ಸಂಬಂಧಿಕರೇ ಆಗಿರಬೇಕಂತೆ ಅಕ್ಕಾ, ಎಂದ.

ನನ್ನ ಜಾಗದಲ್ಲಿ ಹೋದವಳು ವಡಗೇರಾದ ನಾದಿನಿ, ವೈನಿಯ ಗಂಡನ ತಂಗಿ. ಬೋನಾಳ ಕೆರೆಗೆ ಹಕ್ಕಿ ನೋಡಲು ಹೋದಾಗ ನೀರಿನ ಹತ್ತಿರ ಬರಲೂ ಹೆದರಿ ಮರದ ಕೆಳಗೆ ಕುಳಿತವಳು! ಅವಳಿಗೆ ಸಮುದ್ರ. ನನಗೆ ಕರಿಹಲಗೆ. ಯಾದಗಿರಿ ಸ್ಟೇಷನ್ನಿಗೆ ಕಳಿಸಲು ನಾನೂ ಹೋದೆ. ಹೋಗದೆ ಇರಲಾಗಲಿಲ್ಲ, ದಾರಿಗೆ ಶೇಂಗಾ ಹಿಂಡಿ, ಕರದಂಟು ಕಟ್ಟಿಕೊಟ್ಟವಳೂ ನಾನೇ. ರೈಲು ಹೊರಟಾಗ ನಾದಿನಿ ಕಿಟಕಿಯಿಂದ ಕೈ ಬೀಸಿದಳು. ಆ ಕೈಗೆ ಒಂದು ಏಟು ಬಿಗಿಯಬೇಕು ಅನ್ನಿಸಿತು ನನಗೆ.

ಅವರು ಮರಳಿ ಬಂದ ದಿನದ್ದು ಇನ್ನೊಂದು ಕಥೆ. ನಮ್ಮ ಓಣಿಗೆ ದೂರದ ಪ್ರವಾಸ ಅಂದರೆ ಕಾಶಿ, ತಿರುಪತಿ, ಶ್ರೀಶೈಲ. ಹೋಗಿ ಬಂದವರ ಕಾಲಿಗೆ ನೀರು ಹಾಕಿ, ಉಡಿ ತುಂಬಿ, ಅವರು ತಂದ ತೀರ್ಥ ಪ್ರಸಾದ ತೆಗೆದುಕೊಳ್ಳುವುದು ರೂಢಿ. ವೈನಿ ಹೋಗಿದ್ದು ಅದೆಲ್ಲಕ್ಕಿಂತ ದೂರ, ಅಂದ ಮೇಲೆ ಪುಣ್ಯವೂ ಹೆಚ್ಚೇ ಇರಬೇಕೆಂದು ಹೆಂಗಸರೆಲ್ಲ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಿಡಿದುಕೊಂಡು ಬಂದುಬಿಟ್ಟರು.

‘ಅಲ್ಲಿ ಯಾವ ದೇವರು ಅದಾನವಾ?’ ಎಂದು ಮೂಲೆಮನೆಯ ಮುದುಕಿ ಆಯಿ ಕೇಳಿದಳು.

‘ದೇವ್ರು ಎಲ್ಲೂ ಕಾಣಲಿಲ್ಲ ಆಯಿ. ಎಲ್ಲಿ ನೋಡಿದ್ರೂ ನೀರ ಅದ.’

‘ಗಂಗವ್ವ ದೇವರಲ್ಲೇನು? ತಗೊಂಡು ಬಾ ತೀರ್ಥ.’

ವೈನಿ ಗಂಡನಿಗೆ ತೋರಿಸಲೆಂದು ಒಂದು ಸಣ್ಣ ಬಾಟಲಿಯಲ್ಲಿ ಆ ಸಮುದ್ರದ ನೀರು ತಂದಿದ್ದರು. ಎಷ್ಟು ಬೇಡವೆಂದರೂ ಆಯಿ ಬಿಡಲಿಲ್ಲ, ಅಂಗೈಯಲ್ಲಿ ಹಾಕಿಸಿಕೊಂಡು ಕುಡಿದೇಬಿಟ್ಟಳು. ಮುಖ ಕಿವುಚಿ, ‘ಎವ್ವಾ, ಬರೇ ಉಪ್ಪು! ಭಾಳ ಕಡಕ್ ದೇವ್ರವಾ ಈಕಿ’ ಎಂದು ಉಳಿದದ್ದನ್ನು ತಲೆಗೆ ಸವರಿಕೊಂಡಳು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗುತ್ತಲೇ ಒಬ್ಬೊಬ್ಬರಾಗಿ ವೈನಿಯ ಕಾಲು ಮುಟ್ಟಿದರು. ನನ್ನ ಸರದಿ ಬಂತು. ಉರಿಯುವ ಹೊಟ್ಟೆ ಇಟ್ಟುಕೊಂಡು ಬಗ್ಗಿ ನಾನೂ ಮುಟ್ಟಿದೆ. ವೈನಿ ನನ್ನ ಕಿವಿಯ ಹತ್ತಿರ ಬಾಗಿ, ‘ಭಾಳ ಉರೀತಾ ಅಕ್ಕೋರೆ?’ ಅಂದರು. ಸುಳ್ಳು ಯಾಕೆ ಹೇಳಲಿ, ‘ಭಾಳ್ರಿ’ ಅಂದೆ.

ಅಲ್ಲಿಂದ ಅದು ನಮ್ಮಿಬ್ಬರ ದಿನದ ಆಟವಾಯಿತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಲು ಹೋಗುವಾಗಲೂ ಹಡಗಿನಿಂದ ತಂದ, ಅದೇ ವಾಸನೆಯ ಬಿಸಿಲಿನ ಕ್ರೀಮನ್ನು ಕೈಗೆ ಮುಖಕ್ಕೆ ಬಳಿದುಕೊಂಡು, ನನ್ನ ಬಾಗಿಲ ಮುಂದೆಯೇ ಸುಳಿದು ಹೋಗುತ್ತಿದ್ದರು. ಸಂಜೆ ಚಹಾದ ಜೊತೆ ಸಮುದ್ರ ಬರುತ್ತಿತ್ತು. ಫೋಟೊ ತೋರಿಸುತ್ತಿದ್ದರು: ತಮ್ಮನ ಅಂಗಿ ಪ್ಯಾಂಟು, ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ದಂಡೆಯ ಮೇಲಿನ ಬಾರಿನದಂತೂ ಎಷ್ಟು ಸಲ ಹೇಳಿದರೋ.

‘ನಾಕ ಕಟಿಗಿ ನೆಟ್ಟು ಮ್ಯಾಲ ಗರಿ ಹೊದ್ದಿಸ್ಯಾರ, ಅಷ್ಟ. ಎತ್ತರನ ಸ್ಟೂಲಿನ ಮ್ಯಾಲ ಕುಂತು, ಕಾಲು ಇಳಿಬಿಟ್ಕೊಂಡು, ಕಾಯಾಗ ನಳಿಗಿ ಹಾಕಿ ಕುಡಿಯೂದು. ಹೊತ್ತು ಮುಳುಗೂ ತನಕಾ ಕುಂತೇನ್ರಿ ಅಕ್ಕೋರೆ. ಯಾರೂ ಏಳು ಅನ್ಲಿಲ್ಲ.’

‘ಅದರಾಗ ಸಿಂದಿ ಇತ್ತೇನ್ರಿ?’

‘ಸಿಂದಿ ಅಲ್ಲ... ಎಳನೀರೂ ಅಲ್ಲ.’

‘ಸಾಕ್ ಮಾಡ್ರಿ ವೈನಿ, ನನ್ನ ಹೊಟ್ಟಿ ಉರಿಯಾಕತ್ತದ.’

‘ಉರೀಲಿ ಬಿಡ್ರಿ, ಹೆಂಗೂ ಥಂಡಿ ದಿನ ಅದಾವ.’

ಆದರೆ ಒಂದನ್ನು ಮಾತ್ರ ಹೇಳುತ್ತಿರಲಿಲ್ಲ. ಕೇಮನ್ ದ್ವೀಪದಲ್ಲಿ ದೋಣಿಯಲ್ಲಿ ಕರೆದೊಯ್ದು, ಕಣ್ಣಿಗೆ ದೊಡ್ಡ ಕನ್ನಡಕ, ಬಾಯಿಗೆ ಉಸಿರಿನ ಕೊಳವೆ ಕೊಟ್ಟು ನೀರಿಗೆ ಇಳಿಸಿದ್ದರಂತೆ. ವೈನಿ ಚಿಕ್ಕವರಿದ್ದಾಗ ಬಾವಿಯಲ್ಲಿ ಈಜು ಕಲಿತವರು. ಹೆದರದೆ ಇಳಿದು, ನೀರಲ್ಲಿ ಮುಖ ಅದ್ದಿ, ಎಲ್ಲರೂ ಮರಳಿ ದೋಣಿ ಹತ್ತಿದರೂ ಇವರು ಮೇಲೆ ಬರಲಿಲ್ಲವಂತೆ. ತಮ್ಮನೇ ಕೈ ಹಿಡಿದು ಎಳೆಯಬೇಕಾಯಿತಂತೆ. ಇಲ್ಲಿಗೆ ಬಂದು ಕಥೆ ನಿಂತುಬಿಡುತ್ತಿತ್ತು.

‘ಒಳಗ ಏನು ಕಂಡ್ರಿ?’ ಎಂದು ನಾನು ಕೇಳುವುದು.

‘ಅದನ್ನ ಹೇಳಂಗಿಲ್ಲ. ಹೇಳಿಬಿಟ್ರ ನಿಮ್ಮ ಹೊಟ್ಟಿಕಿಚ್ಚು ಆರತದ, ಆಮ್ಯಾಲ ನೀವು ಬರಂಗಿಲ್ಲ. ನಾನ ಕರಕೊಂಡು ಹೋಗಿ ತೋರಸ್ತೀನಿ. ಈಜು ಬರದಿದ್ರ ಏನಾತು, ನಾ ಕೈ ಹಿಡಿದಿರ್ತೀನಿ.’

ಗೋಗರೆದೆ. ಜಗಳ ಮಾಡಿದೆ. ಎರಡು ದಿನ ಚಹಾಕ್ಕೆ ಹೋಗಲಿಲ್ಲ, ಆಗಲೂ ಬಾಯಿ ಬಿಡಲಿಲ್ಲ. ನಾದಿನಿಗೆ ಅದೆಲ್ಲ ಗೊತ್ತಿದೆಯಲ್ಲ, ಅವಳು ಪಕ್ಕದಲ್ಲೇ ಇದ್ದಳಲ್ಲ ಎಂದು ನೆನೆಸಿಕೊಂಡರೆ ಮೈಗೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಗುತ್ತಿತ್ತು. ಅವಳು ಶಹಾಪುರಕ್ಕೆ ಬಂದಾಗಲೆಲ್ಲ ನಾನು ತಲೆನೋವು ಎಂದು ಒಳಗೇ ಇರುತ್ತಿದ್ದೆ. ಅವಳನ್ನು ಕೇಳಿ ತಿಳಿಯುವುದಕ್ಕಿಂತ ತಿಳಿಯದಿರುವುದೇ ಮೇಲು ಎಂಬ ಹಟ ನನ್ನದು.

ವೈನಿಯ ತಮ್ಮ, ನೀರೊಳಗೆ ಹಾಕಿಕೊಳ್ಳುವ ಅಂಥದೇ ಒಂದು ಕನ್ನಡಕವನ್ನೂ ಅಕ್ಕನಿಗೆ ಕೊಡಿಸಿದ್ದ. ಒಂದು ಭಾನುವಾರ ವೈನಿ ನನ್ನನ್ನು ಬಚ್ಚಲಿಗೆ ಕರೆದು, ಬಕೆಟ್ ತುಂಬ ನೀರು ಹಿಡಿದು, ಅದನ್ನು ನನ್ನ ಕಣ್ಣಿಗೆ ಕಟ್ಟಿದರು. ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕಂತೆ. ನಾನು ಮೊಣಕಾಲೂರಿ, ಬಕೆಟ್ಟಿನಲ್ಲಿ ಮುಖ ಅದ್ದಿದೆ. ಉಸಿರು ಕಟ್ಟಿ ಮೇಲೆ ಬಂದಾಗ, ‘ಏನು ಕಂಡ್ರಿ?’ ಎಂದು ಕೇಳಿದರು. ‘ಬಕೀಟಿನ ತಳ ಕಂಡೆ, ಅದಕ್ಕ ಪಾಚಿ ಹಿಡದದ, ತಿಕ್ಕಿ ತೊಳೀರಿ’ ಅಂದೆ. ಇಬ್ಬರೂ ನಕ್ಕ ನಗುವಿಗೆ ಗಿರಣಿಯಿಂದ ಊಟಕ್ಕೆ ಬಂದ ಅವರ ಗಂಡ ಹೆದರಿ ಬಚ್ಚಲ ಬಾಗಿಲು ಬಡಿದರು.

ಮುಂದೆ ಕೊರೊನಾ ಬಂತು. ಹಡಗುಗಳು ನಿಂತವು. ತಮ್ಮ ಗೋವಾಕ್ಕೆ ಮರಳಿ ಬಂದು ಅಲ್ಲೇ ಒಂದು ಹೋಟೆಲಿನಲ್ಲಿ ನೆಲೆ ನಿಂತ. ಎಲ್ಲ ತಿಳಿಯಾದ ಮೇಲೆ ವೈನಿ ಒಂದು ಸಂಜೆ, ‘ಅಕ್ಕೋರೆ, ಈ ಸೂಟಿಯಾಗ ಮುರ್ಡೇಶ್ವರಕ್ಕ ಹೋಗೂಣು. ಅಲ್ಲೂ ದೋಣ್ಯಾಗ ಕರಕೊಂಡು ಹೋಗಿ ನೀರಾಗ ಇಳಸ್ತಾರಂತ’ ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. ‘ನಿಮಗ ಕೇಮನ್ನು, ನನಗ ಮುರ್ಡೇಶ್ವರ ಏನ್ರಿ?’

‘ಸಮುದ್ರ ಎಲ್ಲಾ ಒಂದ ಅಲ್ಲೇನ್ರಿ? ನೀವ ಹೇಳೀರಲ್ಲ, ಎಲ್ಲಾ ಕೂಡಿಕೊಂಡಾವ ಅಂತ.’

‘ಒಂದ ಇದ್ರ ನೀವ್ಯಾಕ ಅಲ್ಲೀ ತನಕಾ ಹೋದ್ರಿ? ಹೋದ್ರ ನಾ ಅಲ್ಲಿಗೇ ಹೋಗಾಕಿ.’

ವೈನಿ ಬೇಜಾರು ಮಾಡಿಕೊಳ್ಳಲಿಲ್ಲ. ರೊಟ್ಟಿ ತಿರುವಿ ಹಾಕುತ್ತ, ‘ಆತು, ಮುಂದಿನ ವರ್ಷ ನೋಡೂಣು’ ಅಂದರು. ನಾನು ಕೇಳಿದ್ದರಲ್ಲಿ ತಪ್ಪಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಮುಂದಿನ ವರ್ಷ ಇರುವುದಿಲ್ಲ ಎಂದು ಯಾರಿಗೆ ಗೊತ್ತಿತ್ತು...

ಆ ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ನಡುವೆಯೇ ನಿಂತಿತು. ನಾನು ಶಾಲೆಗೆ ಹೊರಟಿದ್ದೆ. ಓಡಿ ಹೋದಾಗ ವೈನಿ ಗೋಡೆಗೆ ಒರಗಿ ಎದೆ ಹಿಡಿದುಕೊಂಡು ಕುಳಿತಿದ್ದರು, ಕೈತುಂಬ ಹಿಟ್ಟು. ಕಲಬುರಗಿಗೆ ಕರೆದೊಯ್ಯುವ ಗಾಡಿಯಲ್ಲಿ ನಾನೂ ಕುಳಿತೆ. ಕೈ ಹಿಡಿದುಕೊಂಡೇ ಇದ್ದೆ. ದಾರಿಯಲ್ಲೇ ಹೋದರು.

ದಿವಸದ ಊಟ ಮುಗಿದ ಮೇಲೆ ಹೆಂಗಸರೆಲ್ಲ ವೈನಿಯ ಮಾತೇ ಆಡುತ್ತ ಕುಳಿತಿದ್ದರು. ಆಯಿ ತೀರ್ಥ ಕುಡಿದ ಕಥೆಯೂ ಬಂತು. ನಾದಿನಿ ನನ್ನ ಪಕ್ಕಕ್ಕೆ ಬಂದು ಕುಳಿತಳು. ತಪ್ಪಿಸಿಕೊಳ್ಳಲು ತಲೆನೋವಿನ ನೆಪ ಅಲ್ಲಿ ನಡೆಯುವಂತಿರಲಿಲ್ಲ. ಅಷ್ಟು ವರ್ಷದ ಹಟ ಬಿಟ್ಟು ನಾನೇ ಕೇಳಿದೆ:

‘ನೀವಾದ್ರೂ ಹೇಳ್ರಿ. ಆವತ್ತು ನೀರಾಗ ವೈನಿ ಏನು ನೋಡಿದ್ರು?’

ಅವಳು ನನ್ನ ಮುಖ ನೋಡಿದಳು. ‘ನನಗೇನು ಗೊತ್ರಿ ಅಕ್ಕೋರೆ? ನಾ ದೋಣಿ ಬಿಟ್ಟು ಇಳೀಲೇ ಇಲ್ಲ. ಕಣ್ಣ ಮುಚ್ಚಿಕೊಂಡು ಕುಂತಿದ್ದೆ. ಮ್ಯಾಲ ಬಂದ ಮ್ಯಾಲ ನಾನೂ ಕೇಳಿದೆ. ಹೇಳಲಿಲ್ಲ. ಮೊದಲು ಅಕ್ಕೋರಿಗಿ ತೋರಿಸಬೇಕು, ಆಮ್ಯಾಲ ಉಳಿದ ಮಂದಿಗಿ ಅಂದ್ರು.’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಹಡಗಿನಾಗೂ ನಿಮ್ಮದೇ ಮಾತು, ಬಾರಿನ್ಯಾಗೂ ನಿಮ್ಮದೇ ಮಾತು. ಅಕ್ಕೋರು ಹಂಗ ಅಂದಿದ್ರು, ಅಕ್ಕೋರು ಹಿಂಗ ಅಂದಿದ್ರು. ಅಷ್ಟು ದೂರ ಜೊತಿಗಿ ಹೋದಾಕಿ ನಾನು. ಖರೇ ಹೇಳ್ತೀನಿ, ಆವತ್ತಿಂದ ನಿಮ್ಮ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚು.’

ಇಷ್ಟು ವರ್ಷ ಈ ಹೆಂಗಸಿನ ಮೇಲೆ ಉರಿದುಕೊಂಡದ್ದೆಲ್ಲ ನೆನಪಾಗಿ, ಅವಳ ಕೈ ಹಿಡಿದುಕೊಂಡು ಅಳಬೇಕೆನಿಸಿತು. ಹಿಡಿದುಕೊಂಡೆ, ಅಳು ಮಾತ್ರ ಬರಲಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಅಂದೇ ಹೋಯಿತು. ಅಷ್ಟೂ ವೈನಿಯ ಮೇಲೆ ಬಂತು. ಕಂಡದ್ದನ್ನು ಒಬ್ಬರೇ ಇಟ್ಟುಕೊಂಡು ಹೋಗಿಬಿಟ್ಟರಲ್ಲ! ಸಮುದ್ರದ ತಳದ ವಿಡಿಯೊಗಳು ಫೋನಿನಲ್ಲಿ ಬೇಕಾದಷ್ಟಿವೆ, ನಮ್ಮ ಮಕ್ಕಳೇ ತೋರಿಸುತ್ತಾರೆ. ಬಣ್ಣದ ಮೀನು, ಹವಳ, ಎಲ್ಲ ನೋಡಿದ್ದೇನೆ. ನನಗೆ ಬೇಕಾದದ್ದು ವೈನಿ ಕಂಡದ್ದು, ತಮ್ಮನೇ ಕೈ ಹಿಡಿದು ಎಳೆದರೂ ಮೇಲೆ ಬರಬಾರದೆನಿಸುವಂತೆ ಅವರು ಕಂಡದ್ದು...

ಈಗ ವೈನಿಯ ಗಂಡ ಗಿರಣಿ ಮಾರಿ ತಂಗಿಯ ಊರಿಗೆ ಹೋಗಿದ್ದಾರೆ. ಎದುರುಮನೆಗೆ ಬೇರೆಯವರು ಬಾಡಿಗೆಗೆ ಬಂದಿದ್ದಾರೆ, ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನವರು. ಒಳ್ಳೆಯ ಜನ. ಹೋದ ವಾರ ಅಂಡಮಾನಿಗೆ ಹೋಗಿ ಬಂದು, ಆ ಹುಡುಗಿ ಸಂಜೆ ನನ್ನನ್ನು ಚಹಾಕ್ಕೆ ಕರೆದು ಫೋಟೊಗಳನ್ನು ತೋರಿಸಿದಳು. ನೀಲಿ ನೀರು, ದೋಣಿ, ಕೊಳವೆ ಕಚ್ಚಿಕೊಂಡು ನೀರೊಳಗಿಂದ ಕೈ ಬೀಸುತ್ತಿರುವ ಗಂಡ. ಒಳಗೆ ಏನೇನು ಕಂಡೆವೆಂದು ನಾನು ಕೇಳದೆಯೇ ಒಂದೂ ಬಿಡದೆ ಹೇಳಿದಳು. ಹಳೆಯ ಹೊಟ್ಟೆಕಿಚ್ಚು ಬರಲೆಂದು ನಾನು ಕುಳಿತು ಕಾದೆ. ನನಗೆ ಏನೂ ಆಗಲಿಲ್ಲ. ಒಂದಿಷ್ಟೂ ಹೊಟ್ಟೆ ಉರಿಯಲಿಲ್ಲ. ‘ಭಾಳ ಛಂದ ಅದಾವಮ್ಮ’ ಎಂದು ಹೇಳಿ, ರಸ್ತೆ ದಾಟಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.