ಸಸಿ ಕೀಳುವ ಯಾಮ್ನಾ

ನಮ್ಮ ರಿಫ್ ಬೆಟ್ಟದಲ್ಲಿ ಗಾಂಜಾ ಸಸಿಗಳು ಗೇಣುದ್ದವಾದರೆ ಸಾಕು, ಯಾಮ್ನಾಜ್ಜಿ ಕರೆಯದಿದ್ದರೂ ಎಲ್ಲರ ಹೊಲಕ್ಕೆ ಬಂದುಬಿಡುತ್ತಾಳೆ. “ಹಮಾಮಿನ ಬಾಗಿಲಲ್ಲಿ ಸ್ನಾನಕ್ಕೆ ಬಂದ ಹೆಂಗಸರು ನೂಕಾಡ್ದಂಗೆ ನಿಂತವಲ್ರೇ! ಬೆಳಕಿಗಾಗಿ ಕತ್ತು ಚಾಚಿ ಚಾಚಿ ಕಡ್ಡಿ ಆಗ್ತಾವೆ, ಮೊದಲ ಗಾಳಿಗೇ ಮಲಗ್ತಾವೆ” ಎಂದು ಬೈಯುತ್ತ, ಬಿಸ್ಮಿಲ್ಲಾ ಹೇಳಿ, ಬಡಕಲು ಸಸಿಗಳನ್ನು ಕಿತ್ತು, ಉಳಿದವುಗಳ ಬುಡಕ್ಕೆ ಮಣ್ಣೇರಿಸುತ್ತಾಳೆ. “ಸಾವಿನ ದೂತನ ತಂಗಿ ಬಂದ್ಲಪ್ಪೋ!” ಎಂದು ಗಂಡಸರು ನಗುತ್ತಾರೆ. ತನ್ನ ಹೊಲದ ಸಸಿ ಕೀಳಲು ಮಾತ್ರ ಅವಳು ಪ್ರತಿವರ್ಷ ನನ್ನನ್ನೇ ಕರೆಯುತ್ತಾಳೆ. ಕೆಲಸ ಮುಗಿಯುವವರೆಗೆ ಬೆನ್ನು ತಿರುಗಿಸಿ ಕೂತು ಜಪಮಣಿ ಉರುಳಿಸುತ್ತಾಳೆ. ಈ ವಸಂತದಲ್ಲಿ ಯಾಕೆಂದು ಕೇಳಿದೆ. “ಹಸಿವಿನ ವರ್ಷ ಅವಳಿ ಹೆಣ್ಣು ಹೆತ್ತಿದ್ದೆ ಮಗಳೇ. ನನ್ನೆದೆಯಲ್ಲಿದ್ದದ್ದು ಒಂದಕ್ಕೆ ಸಾಲೋವಷ್ಟೇ ಹಾಲು. ಯಾವುದಕ್ಕೆ ಕುಡಿಸ್ಲಿ ಅಂತ ಅಲ್ಲಾಹನ್ನ ಕೇಳ್ದೆ, ಉತ್ತರ ಬರ್ಲಿಲ್ಲ. ನಾನೇ ಆರಿಸ್ದೆ.”