ಆಯಿ ತೊಟ್ಟು ಬಿಡಿಸಿದ ಕ್ಲಬ್‌ಮಾಸ್

ನಮ್ಮ ಬ್ಯಾಡಗಿ ಹೆಣ್ಣುಮಕ್ಕಳ ಬೆರಳು ಸುಮ್ಮನ ಇರೂದಿಲ್ಲ. ನಮ್ಮಪ್ಪನ ಅವ್ವ, ನನ್ನ ಆಯಿ, ಟಿವಿ ನೋಡುವಾಗೂ ಮೊರದ ತುಂಬ ಮೆಣಸಿನಕಾಯಿ ಇಟ್ಕೊಂಡು ತೊಟ್ಟು ಬಿಡಿಸಾಕಿ. ಮೆಣಸಿನಕಾಯಿ ಸಿಗದಿದ್ರ ಬದನಿಕಾಯಿನೂ ಬಿಡ್ತಿರಲಿಲ್ಲ.

ನಾನು ರಾಣೇಬೆನ್ನೂರಿನಾಗ ಬಿ.ಎಸ್ಸಿ. ಓದುವಾಗ ಘಟ್ಟಕ್ಕ ಟೂರ್ ಹೋಗಿ ಒಂದು ಗಿಡ ತಂದಿದ್ದೆ. ಮರ ಹತ್ತುವ ಕ್ಲಬ್‌ಮಾಸ್. ಹೂವಿಲ್ಲ, ಬೀಜಿಲ್ಲ. ತಂತಿಯಂಥ ಕಾಂಡ, ಅದಕ್ಕ ಒತ್ತಿಕೊಂಡ ಸಣ್ಣ ಸಣ್ಣ ಎಲಿ, ಟೊಂಗಿ ತುದಿಗೆ ತೊಟ್ಟಿನಿಂದ ಜೋತಾಡುವ, ಸಣ್ಣ ಮೆಣಸಿನಕಾಯಿಯಂಥ ಶಂಕು, ಅಂದ್ರ ಕೋನ್‌ಗಳು. ಶಂಕಿನೊಳಗಿನ ಹಳದಿ ಪುಡಿಯಿಂದನ ಅದರ ವಂಶ ಬೆಳೀಬೇಕು. "ಶಂಕು ಇಲ್ಲದ ಗಿಡ ತಂದ್ರ ಫೇಲ್ ಮಾಡ್ತೇನಿ" ಅಂತ ಹಾವೇರಿಯಿಂದ ಬರುತ್ತಿದ್ದ ನಮ್ಮ ಬಾಟನಿ ಮೇಡಂ ಮೊದಲೇ ಗುಡುಗಿದ್ರು. ಮರುದಿನ ಪ್ರಾಕ್ಟಿಕಲ್. ಒಣಗಿದ ಗಿಡ ಪೇಪರ್ ಮ್ಯಾಲೆ ಹರವಿಟ್ಟು ಜಳಕಕ್ಕ ಹೋದೆ.

ಬಂದು ನೋಡಿದ್ರ ಮೊರದಾಗ ಒಂದು ಕಡೆ ಶಂಕು, ಇನ್ನೊಂದು ಕಡೆ ತೊಟ್ಟು!

"ಆಯಿ, ಏನ್ ಮಾಡಿದಿ ಇದನ್ನ?"

"ಬಿಡಿಸಿಟ್ಟೇನಿ. ಎಂಥಾ ಬಡಕ ಕಾಯಿ ಇವು, ಯಾವ ಮೂಳ ಕೊಟ್ಟಾನ ನಿನಗ?"

ಫೇಲಾದೆ ಅಂತ ನಾನು ಬೋರ್ಯಾಡಿ ಅತ್ತೆ. ಯಾಕಂತ ತಿಳಿದ ಮ್ಯಾಲೆ ಆಯಿ ಮಾರಿ ಸಪ್ಪಗಾತು. ಎದ್ದು ಸೂಜಿ, ಹಸಿರು ದಾರ ತಂದ್ಲು. ಇಬ್ರೂ ಶಂಕು ತಿರುಗಿ ಟೊಂಗಿಗೆ ಹೊಲಿಯಾಕ ಕುಂತ್ವಿ. ನಾನು ಟೂರಿನಾಗ ತೆಗೆದ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿ ಒಂದೊಂದೇ ಕೂಡಿಸಾಕತ್ತಿದ್ದೆ. ಆಯಿ ಮಾತ್ರ ಹಿಂದಿನ ಟೊಂಗಿ ಬೋಳು ಬಿಟ್ಟು, ಮುಂದಿನದಕ್ಕ ಗೊಂಚಲು ಗೊಂಚಲು ಕಟ್ಟಿದ್ಲು. ಬ್ಯಾಡ ಅಂದ್ರ, "ಇರ್ಲಿ ಬಿಡ, ಫಸಲು ಚೊಲೋ ಬಂದಂಗ ಕಾಣ್ತೈತಿ" ಅಂದ್ಲು.

ಮರುದಿನ ಮೇಡಂ ಗಿಡದ ಶೀಟ್ ನೋಡಿ ಹಿಗ್ಗಿ ಹೀರೇಕಾಯಿ ಆದ್ರು. "ಅಬ್ಬಾ! ಪ್ರತಿ ವರ್ಷ ಘಟ್ಟಕ್ಕ ಹೋಗ್ತೇನಿ, ಇಷ್ಟು ಶಂಕು ಬಿಟ್ಟದ್ದು ಎಲ್ಲೂ ನೋಡಿಲ್ಲ. ಡಿಪಾರ್ಟ್‌ಮೆಂಟಿಗೇ ಇಡೋಣು" ಅಂತ ಲೆನ್ಸ್ ತಗೊಂಡ್ರು. ಅವರು ಬಗ್ಗಿ ನೋಡಿದ್ರು, ಮತ್ತ ನೋಡಿದ್ರು. ಆಮ್ಯಾಲೆ ಶೀಟ್ ಬೋರಲು ಹಾಕಿ, "ಈಗ ಖರೇ ಗಿಡ ಹೆಂಗಿರ್ತೈತಿ, ಹೇಳು" ಅಂದ್ರು.

ಹೇಳಿದೆ. ಎಲಿ ಹೆಂಗ ಕಾಂಡಕ್ಕ ಒತ್ತಿಕೊಂಡಿರ್ತೈತಿ, ಟೊಂಗಿ ಎಲ್ಲಿ ಕವಲೊಡಿತೈತಿ, ಶಂಕು ಯಾವ ಕಡೆ ಬಾಗ್ತೈತಿ, ಎಲ್ಲಾ. ಸೂಜಿ ಚುಚ್ಚಿದ ಬೆರಳು ಇನ್ನೂ ಉರಿಯಾಕತ್ತಿತ್ತು, ಮರಿಯೂದು ಹೆಂಗ? ಮೇಡಂ ನಗು ತಡಕೊಂಡು ಪಾಸ್ ಮಾರ್ಕ್ಸ್ ಹಾಕಿದ್ರು. "ಹೊಲಿಗಿ ಮಾತ್ರ ಭಾಳ ಚಂದೈತಿ" ಅಂದ್ರು.

ಸಂಜಿಗೆ ಮನಿಗೆ ಬಂದ್ರ ಆಯಿ ಬಾಗಿಲಾಗ ಕುಂತಿದ್ಲು. ಮುಂಜಾನಿಂದ ಒಂದು ಹನಿ ಚಹಾ ಸೈತ ಕುಡಿದಿಲ್ಲಂತ, ನಮ್ಮವ್ವ ಒಳಗಿಂದನ ಒದರಾಕತ್ತಿದ್ಲು.

"ಪಾಸಾದೆ, ಆಯಿ. ಹೊಲಿಗಿ ಚಂದೈತಿ ಅಂದ್ರು."

ಆಯಿ ಸೆರಗಿನಿಂದ ಕಣ್ಣು ಒರಸಿಕೊಂಡು ಒಳಗ ತಿರುಗಿ ಕೂಗಿದ್ಲು, "ಏ, ನನಗ ಎರಡು ರೊಟ್ಟಿ ಹಾಕ."